ಸಾವಿನ ಲೆಕ್ಕ ಓದುವ ಬಗೆ

(ಕಾರ್ಮಿಕರ ಅಧ್ಯಯನ ಕೂಟದಲ್ಲಿ ಮಾಡಿದ ಭಾಷಣ)



ಸರ್ಕಾರದ ಮಾದರಿ ನೋಂದಣಿ ಲೆಕ್ಕದಂತೆ 2020ರಲ್ಲಿ ಕೇರಳದಲ್ಲಿ ಸಾವಿರ ಜನಕ್ಕೆ 7 ಮಂದಿ ಸತ್ತರು. ಇಡೀ ಭಾರತದಲ್ಲಿ 6. ಹಾಗಾದರೆ ಕೇರಳದ ಆರೋಗ್ಯ ಕೆಟ್ಟಿತೆ? ಇಲ್ಲ. ಹುಟ್ಟಿದ ಸಾವಿರ ಶಿಶುಗಳಲ್ಲಿ ವರ್ಷ ತುಂಬುವ ಮೊದಲೇ ತೀರಿಕೊಂಡವು ಅಲ್ಲಿ 6, ದೇಶದಲ್ಲಿ 28. ಕೇರಳದಲ್ಲಿ ಮುದುಕರು ಹೆಚ್ಚು. 2011ರ ಜನಗಣತಿಯಲ್ಲಿ ಅರವತ್ತು ತುಂಬಿದವರು ಅಲ್ಲಿ ನೂರಕ್ಕೆ 12.6, ದೇಶದಲ್ಲಿ 8.6. ಒಟ್ಟು ಲೆಕ್ಕ ಇದನ್ನು ಮುಚ್ಚಿಡುತ್ತದೆ.

ಅಂಗಡಿಯ ಒಟ್ಟು ವ್ಯಾಪಾರ ನೋಡಿ ಯಾವ ಸರಕಿನಲ್ಲಿ ನಷ್ಟವೆಂದು ಹೇಳಲಾದೀತೆ? ಸರಕುವಾರು ಖಾತೆ ಬೇಕು. ಇಲ್ಲಿ ವಯೋವಾರು ಖಾತೆ ಬೇಕು: ಒಂದು ವಯಸ್ಸಿನಲ್ಲಿ ಸತ್ತವರನ್ನು ಅದೇ ವಯಸ್ಸಿನ ಜನಸಂಖ್ಯೆಯಿಂದ ಭಾಗಿಸಿ, ಸಾವಿರಕ್ಕೆ ಎಷ್ಟೆಂದು ನೋಡಬೇಕು.

ಮಾತಿಗೆ ಎರಡು ಬೀದಿಗಳನ್ನು ಇಟ್ಟುಕೊಳ್ಳಿ. ಎರಡರಲ್ಲೂ ಸಾವಿರ ಜನ. ಮಿಲ್ಲಿನ ಕೇರಿಯಲ್ಲಿ ಅರವತ್ತರೊಳಗಿನವರು 900, ಸತ್ತವರು 9. ಮುದುಕರು 100, ಸತ್ತವರು 6. ಒಟ್ಟು ಸಾವು 15. ಬಂಗಲೆ ಬೀದಿಯಲ್ಲಿ ಅರವತ್ತರೊಳಗಿನವರು 500, ಸತ್ತವರು 2. ಮುದುಕರು 500, ಸತ್ತವರು 20. ಒಟ್ಟು 22. ಮೇಲುನೋಟಕ್ಕೆ ಕೇರಿಯೇ ಮೇಲು! ಆದರೆ ಖಾತೆ ಬಿಡಿಸಿರಿ: ಅರವತ್ತರೊಳಗೆ ಕೇರಿಯಲ್ಲಿ ಸಾವಿರಕ್ಕೆ 10, ಬಂಗಲೆಗಳಲ್ಲಿ 4, ಮುದುಕರಲ್ಲಿ 60, ಅಲ್ಲಿ 40. ಎರಡು ವಯಸ್ಸಿನಲ್ಲೂ ಹೆಚ್ಚು ಸಾಯುವವನು ಕೇರಿಯವನೇ.

“ನಿಮ್ಮಲ್ಲಿ ಸಾವು ಕಡಿಮೆ, ಆಸ್ಪತ್ರೆ ಏಕೆ?” ಎಂದು ಯಾರಾದರೂ ಅಂದರೆ ಸುಮ್ಮನಿರಬೇಡಿ. ಸತ್ತವರ ವಯಸ್ಸೆಷ್ಟು, ಆ ವಯಸ್ಸಿನವರು ಎಷ್ಟು ಮಂದಿ ಇದ್ದರು ಎಂದು ಕೇಳಿರಿ. ಲೆಕ್ಕ ಕೇಳುವುದು ನಮ್ಮ ಹಕ್ಕು.