ಬಂದೂಕಿನ ಮೊದಲ ಪಾಠ

(ನಾಗರಿಕ ಬಂದೂಕು ತರಬೇತಿಗೆ ಸೇರಲಿರುವವರನ್ನು ಕುರಿತು ಕಡಕೊಳದಲ್ಲಿ ಮಾಡಿದ ಭಾಷಣ)



ನಮ್ಮ ನಾಡಿನ ನಗರಗಳಲ್ಲಿಯೂ ಜಿಲ್ಲೆಗಳಲ್ಲಿಯೂ ಪೊಲೀಸು ಇಲಾಖೆಯವರು ಆಗಾಗ ನಡೆಸುವ ನಾಗರಿಕ ಬಂದೂಕು ತರಬೇತಿಗೆ ಹೆಸರು ಕೊಡಬೇಕೆಂದು ನಿಮ್ಮಲ್ಲಿ ಹಲವರು ನಿಶ್ಚಯಿಸಿದ್ದೀರಿ. ನಿಶ್ಚಯಿಸಿದ ದಿನದಿಂದಲೇ ನೆರೆಹೊರೆಯವರ ಪ್ರಶ್ನೆಗಳೂ ಮೊದಲಾಗಿರಬೇಕು. “ಬಳಪ ಹಿಡಿಯುವ ಮೇಷ್ಟರಿಗೆ ಬಂದೂಕೇಕೆ? ಅಂಗಡಿಯ ತಕ್ಕಡಿ ಹಿಡಿದವನಿಗೆ ಗುರಿಯ ಹುಚ್ಚೇಕೆ?” ಎಂದು ಅವರು ಕೇಳುತ್ತಾರೆ. ಕೇಳುವುದು ತಪ್ಪಲ್ಲ. ಆಯುಧವನ್ನು ಮುಟ್ಟುವವನು ಉತ್ತರ ಹೇಳಲು ಸಿದ್ಧನಾಗಿರಲೇಬೇಕು. ಆ ಉತ್ತರವನ್ನು ನಾವೆಲ್ಲರೂ ಕೂಡಿ ಯೋಚಿಸೋಣವೆಂದೇ ಈ ದಿನ ನಿಮ್ಮ ಮುಂದೆ ನಿಂತಿದ್ದೇನೆ.

ಕನ್ನಡಿಗನ ಕೈಗೂ ಆಯುಧಕ್ಕೂ ಇರುವ ನಂಟು ನಿನ್ನೆ ಮೊನ್ನೆಯದಲ್ಲ. ೧೮೫೭ರಲ್ಲಿ ಜನರು ತಮ್ಮ ಆಯುಧಗಳನ್ನು ಒಪ್ಪಿಸಬೇಕೆಂದು ಇಂಗ್ಲಿಷರು ಕಾಯಿದೆ ತಂದರು. ಆಗ ಮುಧೋಳ ಸಂಸ್ಥಾನಕ್ಕೆ ಸೇರಿದ್ದ ಹಲಗಲಿಯ ಬೇಡರು ಅದಕ್ಕೆ ತಲೆಬಾಗಲಿಲ್ಲ. ಅವರಿಗೆ ಆಯುಧವೆಂದರೆ ಅನ್ನವೂ ಹೌದು, ಮನೆಯ ಮಾನವೂ ಹೌದು. ಆ ವರ್ಷದ ನವೆಂಬರಿನ ಕೊನೆಯಲ್ಲಿ ದಂಡು ಬಂದು ಊರನ್ನು ಮುತ್ತಿ ಬೆಂಕಿಯಿಟ್ಟಿತು. ಎಷ್ಟೋ ಮಂದಿ ಕಾದಾಡಿ ಮಡಿದರು. ಸೆರೆಸಿಕ್ಕವರಲ್ಲಿ ೧೯ ಜನರನ್ನು ಗಲ್ಲಿಗೇರಿಸಿದರು. ಲಾವಣಿಕಾರರು ಆ ಕಥೆಯನ್ನು ಕಟ್ಟಿ ಹಾಡಿದ್ದರಿಂದ ಅದು ಇಂದಿಗೂ ನಮ್ಮ ಕಿವಿಯಲ್ಲಿದೆ.

ಆಮೇಲೆ ೧೮೭೮ರ ಶಸ್ತ್ರ ಕಾಯಿದೆ ಬಂದಿತು. ಯುರೋಪಿಯನರಿಗೆ ವಿನಾಯಿತಿ, ಈ ನೆಲದ ಮಕ್ಕಳಿಗೆ ಪರವಾನಗಿಯ ಕಟ್ಟು! ಆ ಭೇದವು ದೇಶದ ಮನಸ್ಸನ್ನು ಎಷ್ಟು ನೋಯಿಸಿತ್ತೆಂದರೆ, ೧೯೩೧ರ ಕರಾಚಿ ಕಾಂಗ್ರೆಸ್ಸು ಪ್ರಜೆಗಳ ಮೂಲಭೂತ ಹಕ್ಕುಗಳನ್ನು ಎಣಿಸುವಾಗ, ಕಟ್ಟುಪಾಡುಗಳಿಗೆ ಒಳಪಟ್ಟು ಆಯುಧ ಹೊಂದುವ ಹಕ್ಕನ್ನೂ ಎಣಿಸಿತು. ಆದರೆ ಮಹನೀಯರೇ, ‘ಕಟ್ಟುಪಾಡುಗಳಿಗೆ ಒಳಪಟ್ಟು’ ಎಂಬ ಮಾತನ್ನು ನಾವು ಲಕ್ಷ್ಯವಿಟ್ಟು ನೋಡಬೇಕು. ಪರರ ಆಳಿಕೆಯಲ್ಲಿ ಕಟ್ಟುಪಾಡು ಅಪನಂಬಿಕೆಯ ಗುರುತಾಗಿತ್ತು. ಸ್ವರಾಜ್ಯದಲ್ಲಿ ಅದು ನಾವೇ ನಮಗೆ ಹಾಕಿಕೊಂಡ ಗೆರೆ. ಮೀರಿದರೆ ನಮಗೇ ದ್ರೋಹ.

ಈಗ ನಡೆಯುತ್ತಿರುವುದು ೧೯೫೯ರ ಶಸ್ತ್ರ ಅಧಿನಿಯಮ. ೨೧ ವರ್ಷ ತುಂಬದವನಿಗೆ ಅದು ಬಂದೂಕಿನ ಪರವಾನಗಿ ಕೊಡುವುದಿಲ್ಲ. ೨೦೧೬ರ ನಿಯಮಗಳು ಬಂದ ಮೇಲೆ, ಪರವಾನಗಿ ಬೇಡುವವನು ಆಯುಧವನ್ನೂ ಮದ್ದುಗುಂಡನ್ನೂ ಸುರಕ್ಷಿತವಾಗಿ ಬಳಸುವ ಶಿಕ್ಷಣ ಪಡೆದುದಕ್ಕೆ ಪ್ರಮಾಣಪತ್ರವನ್ನು ತರಬೇಕು. ೨೦೧೯ರ ತಿದ್ದುಪಡಿಯಂತೆ, ಮದುವೆ ಮೆರವಣಿಗೆಗಳಲ್ಲಿ ಸಂಭ್ರಮಕ್ಕೆಂದು ಗುಂಡು ಹಾರಿಸಿ ಇತರರ ಪ್ರಾಣವನ್ನು ಅಪಾಯಕ್ಕೊಡ್ಡಿದವನಿಗೆ ೨ ವರ್ಷದ ವರೆಗೆ ಸೆರೆ, ಇಲ್ಲವೆ ೧ ಲಕ್ಷ ರೂಪಾಯಿಯ ವರೆಗೆ ದಂಡ, ಇಲ್ಲವೆ ಎರಡೂ ಉಂಟು. ತರಬೇತಿಯ ಪತ್ರ ಕೈಗೆ ಬಂದೊಡನೆ ಬಂದೂಕು ಬಂದಂತಾಯಿತೆಂದು ತಿಳಿಯಬೇಡಿರಿ. ಪರವಾನಗಿಯ ವಿಚಾರಣೆ ಬೇರೆ, ಅದರ ಅಧಿಕಾರಿಗಳು ಬೇರೆ. ತರಬೇತಿ ಕೊಡುವುದು ತಿಳಿವಳಿಕೆಯನ್ನು ಮಾತ್ರ.

ಆ ತಿಳಿವಳಿಕೆ ಯಾವುದು? ಗುಂಡು ಹೊಡೆಯಲು ಕಲಿಸುತ್ತಾರೆಂದು ಉತ್ಸಾಹದಿಂದ ಹೋದವನಿಗೆ ಮೊದಲು ಆಗುವುದು ನಿರಾಶೆ. ಮೊದಲಲ್ಲಿ ತೋಟಾ ಎಂಬುದನ್ನು ಕೈಗೆ ಕೊಡುವುದೇ ಇಲ್ಲ. ನಳಿಗೆ ಯಾವುದು, ಬೋಲ್ಟು ಯಾವುದು, ಕುದುರೆ ಯಾವುದು, ಮುಂದಿನ ಗುರಿಕಣ್ಣು ಹಿಂದಿನ ಗುರಿಕಣ್ಣುಗಳು ಯಾವುವು ಎಂದು ಹೆಸರು ಹೇಳಿಸುತ್ತಾರೆ. ನಳಿಗೆಯ ಒಳಮೈಯಲ್ಲಿ ಸುರುಳಿಯಾಗಿ ಕೊರೆದ ಗೆರೆಗಳಿರುತ್ತವೆ. ಗುಂಡು ಅವುಗಳಲ್ಲಿ ತಿರುಗುತ್ತ ಹೊರಬೀಳುವುದರಿಂದಲೇ ಬುಗುರಿಯಂತೆ ಓಲಾಡದೆ ನೇರವಾಗಿ ಸಾಗುತ್ತದೆ. ರೈಫಲಿಗೂ ನಮ್ಮ ಹಳ್ಳಿಗಳ ಹಳೆಯ ಚರೆಕೋವಿಗೂ ಇರುವ ಭೇದ ಇದೇ. ಇವನ್ನೆಲ್ಲ ತಿಳಿದ ಮೇಲೆ ನಾಲ್ಕು ಕಟ್ಟಳೆಗಳನ್ನು ಬಾಯಿಪಾಠ ಮಾಡಿಸುತ್ತಾರೆ. ಯಾವ ಬಂದೂಕನ್ನಾದರೂ ತುಂಬಿದ ಬಂದೂಕೆಂದೇ ಭಾವಿಸು. ಅದರ ಬಾಯನ್ನು ಹೊಡೆಯಬಾರದ ಕಡೆಗೆ ಎಂದೂ ತಿರುಗಿಸಬೇಡ. ಗುರಿ ನಿಶ್ಚಯವಾಗುವ ವರೆಗೆ ಬೆರಳು ಕುದುರೆಯ ಮೇಲೆ ಹೋಗಕೂಡದು. ಗುರಿಯನ್ನಷ್ಟೇ ಅಲ್ಲ, ಗುರಿಯ ಹಿಂದೆ ಏನಿದೆಯೆಂಬುದನ್ನೂ ನೋಡು.

ಈ ನಾಲ್ಕನೆಯ ಕಟ್ಟಳೆಯನ್ನು ಕಡಕೊಳದವರು ಬೇರೆಯವರಿಗಿಂತ ಬೇಗ ತಿಳಿದುಕೊಳ್ಳಬಲ್ಲರು. ಕಲಿಯುವವರಿಗೆ ಕೊಡುವ ಸಣ್ಣ ರೈಫಲನ್ನು ‘ಪಾಯಿಂಟ್ ಟೂ ಟೂ’ ಎನ್ನುತ್ತಾರೆ. ಅದರ ನಳಿಗೆಯ ಒಳವ್ಯಾಸ ಸುಮಾರು ೫.೬ ಮಿಲಿಮೀಟರು. ಗುಂಡು ಕಡಲೆಕಾಳಿಗಿಂತ ದೊಡ್ಡದಲ್ಲ. ೨೫ ಗಜದಾಚೆಯ ಕಾಗದವೇ ಅದರ ಗುರಿಯಾದುದರಿಂದ ಅದು ಆಟಿಕೆಯೆಂದು ತೋರಬಹುದು. ಆದರೆ ತಡೆಯಿಲ್ಲದಿದ್ದರೆ ಆ ಗುಂಡು ಒಂದು ಮೈಲಿಯನ್ನು ಮೀರಿ ಹೋಗಬಲ್ಲುದು! ಇಲ್ಲಿ ನಿಂತು ಸುತ್ತಲೂ ಕಣ್ಣಾಡಿಸಿ ನೋಡಿ. ಒಂದು ಕಡೆ ನಂಜನಗೂಡಿನ ಹೆದ್ದಾರಿ, ಒಂದು ಕಡೆ ರೈಲುದಾರಿ, ಕೈಗಾರಿಕಾ ಪ್ರದೇಶದ ಪಾಳಿ ಮುಗಿಸಿ ಬರುವ ಜನ, ಹೊಲದಲ್ಲಿ ಬಗ್ಗಿ ದುಡಿಯುವ ಹೆಂಗಸರು. ಇಂಥ ನೆಲದಲ್ಲಿ ಗುರಿತಪ್ಪಿದ ಗುಂಡಿಗೆ ಬರಿಯ ಬಯಲೆಂಬುದು ಎಲ್ಲಿದೆ? ಆದುದರಿಂದಲೇ ಅಭ್ಯಾಸದ ಬಯಲಿನಲ್ಲಿ ಗುರಿಹಲಗೆಯ ಹಿಂದೆ ಎತ್ತರವಾದ ಮಣ್ಣಿನ ದಿಬ್ಬವನ್ನು ಕಟ್ಟಿರುತ್ತಾರೆ. ದಿಬ್ಬವಿಲ್ಲದೆಡೆಯಲ್ಲಿ ವಿವೇಕವೇ ದಿಬ್ಬವಾಗಬೇಕು.

ಇಷ್ಟಾದ ಮೇಲೆ ನೆಲದ ಮೇಲೆ ಬೋರಲು ಮಲಗಿಸಿ, ಬಂದೂಕಿನ ಹಿಡಿಯನ್ನು ಹೆಗಲಿಗೆ ಒತ್ತಿ ಹಿಡಿಯಲು ಹೇಳುತ್ತಾರೆ. ಹಿಂದಿನ ಗುರಿಕಣ್ಣು, ಮುಂದಿನ ಗುರಿಕಣ್ಣು, ಗುರಿ, ಈ ಮೂರೂ ಒಂದೇ ಗೆರೆಗೆ ಬರಬೇಕು. ಉಸಿರನ್ನು ಅರ್ಧ ಬಿಟ್ಟು ಕ್ಷಣಕಾಲ ತಡೆಯಬೇಕು. ಕುದುರೆಯನ್ನು ಜಗ್ಗಬಾರದು, ಗುಂಡು ಯಾವಾಗ ಹೊರಟಿತೆಂದು ತನಗೇ ಗೊತ್ತಾಗದಷ್ಟು ಮೆಲ್ಲನೆ ಒತ್ತುತ್ತ ಬರಬೇಕು. ಕಲಿಯುವವನ ಗುಂಡುಗಳು ನಡುಬೊಟ್ಟಿಗೆ ಬಿದ್ದುವೇ ಎಂದು ಶಿಕ್ಷಕನು ಮೊದಲು ಕೇಳುವುದಿಲ್ಲ. ಒಂದೇ ಕಡೆಗೆ ಗುಂಪಾಗಿ ಬಿದ್ದುವೇ ಎಂದು ಕೇಳುತ್ತಾನೆ. ಗುಂಪು ಎಡಕ್ಕಿದ್ದರೆ ಗುರಿಕಣ್ಣನ್ನು ಸರಿಪಡಿಸಬಹುದು. ಚೆದರಿ ಬಿದ್ದರೆ ಸರಿಪಡಿಸಬೇಕಾದುದು ಬಂದೂಕನ್ನಲ್ಲ, ಮನುಷ್ಯನನ್ನು. ೨೦೨೪ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ನಮ್ಮ ನೆರೆಯ ಕೊಲ್ಲಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆಯವರು ೫೦ ಮೀಟರಿನ ಸ್ಪರ್ಧೆಯಲ್ಲಿ ಕಂಚಿನ ಪದಕ ಗೆದ್ದುದು ಈ ಸಣ್ಣ ಗುಂಡಿನಿಂದಲೇ. ಅಲ್ಲಿ ಗೆದ್ದುದು ತೋಳಿನ ಬಲವಲ್ಲ, ಸ್ಥಿರವಾದ ಚಿತ್ತ.

ಆಯುಧವನ್ನು ಹೊಂದಿಯೂ ಹದ್ದಿನಲ್ಲಿರುವುದನ್ನು ನೋಡಬೇಕೆಂದರೆ ದೂರ ಹೋಗಬೇಕಾಗಿಲ್ಲ, ಪಡುವಣಕ್ಕೆ ಕೊಡಗಿದೆ. ಅಲ್ಲಿಯ ಕೊಡವರಿಗೂ ಜಮ್ಮಾ ಭೂಮಿಯ ಹಕ್ಕುದಾರರಿಗೂ ಇಂಗ್ಲಿಷರ ಕಾಲದಿಂದ ಬಂದ ಪರವಾನಗಿ ವಿನಾಯಿತಿಯನ್ನು ಕೇಂದ್ರ ಸರಕಾರವು ೨೦೧೯ರಲ್ಲಿ ಇನ್ನೂ ಹತ್ತು ವರ್ಷಕ್ಕೆ ಮುಂದುವರಿಸಿತು. ಆದರೆ ಅವರ ಹಿರಿಯರು ಮಾಡಿದ ಏರ್ಪಾಡೇನು? ನಾಟಿಯ ಕಾಲದಲ್ಲಿ ಕೋವಿಯು ದೇವರ ಕೋಣೆಯಲ್ಲಿರಬೇಕು. ನಾಟಿ ಮುಗಿದು ಕೈಲ್‌ಪೊಳ್ದ್ ಹಬ್ಬ ಬಂದ ಮೇಲೆ ಅದನ್ನು ಹೊರತೆಗೆದು ಪೂಜಿಸಿ, ತೆಂಗಿನಕಾಯಿಗೆ ಈಡು ಹೊಡೆಯುವ ಪಂದ್ಯಕ್ಕೆ ಒಯ್ಯಬೇಕು. ಆಯುಧವನ್ನು ಹಿಡಿಯುವ ಕಾಲವಿದ್ದಂತೆ ಇಳಿಸುವ ಕಾಲವೂ ಉಂಟೆಂಬುದನ್ನು ಇದಕ್ಕಿಂತ ಚೆನ್ನಾಗಿ ಯಾವ ಶಾಸ್ತ್ರ ಹೇಳೀತು? ನಾವು ಮೈಸೂರಿನವರೂ ಆಯುಧಪೂಜೆಯ ದಿನ ಬಂದೂಕಿಗೆ ಕುಂಕುಮವಿಡುತ್ತೇವೆ. ಉಳಿದ ದಿನಗಳಲ್ಲಿ ಅದು ಮಕ್ಕಳ ಕೈಗೆ ಎಟುಕುವ ಗೂಟದಲ್ಲಿ ತೂಗುತ್ತಿದ್ದರೆ ಆ ಕುಂಕುಮದಿಂದ ಫಲವೇನು? ಬಂದೂಕು ಬೀಗದೊಳಗಿರಬೇಕು, ತೋಟಾಗಳು ಬೇರೊಂದು ಬೀಗದೊಳಗಿರಬೇಕು.

ನಮ್ಮ ದಕ್ಷಿಣದ ಕಾಡಂಚಿನ ಹಳ್ಳಿಗಳಲ್ಲಿ ಬೆಳೆ ಕಾಯಲೆಂದು ಬಂದೂಕಿನ ಪರವಾನಗಿ ಪಡೆದ ರೈತರಿದ್ದಾರೆ. ಹಂದಿ ಆನೆಗಳ ಕಾಟ ಸುಳ್ಳಲ್ಲ. ಒಂದು ರಾತ್ರಿಯಲ್ಲಿ ವರ್ಷದ ಅನ್ನ ಹೋಗುವ ಸಂಕಟವನ್ನು ಬಲ್ಲವರೇ ಬಲ್ಲರು. ಆದರೂ ಆ ಪರವಾನಗಿ ಕೊಲ್ಲುವುದಕ್ಕೆ ಅಪ್ಪಣೆಯಲ್ಲ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಅದರ ಮೇಲಿದೆ. ಇನ್ನು ಕತ್ತಲಲ್ಲಿ ಪೊದೆ ಅಲುಗಿತೆಂದು, ಹಂದಿಯೆಂದೇ ಬಗೆದು, ಜೊತೆಗೆ ಬಂದವನಿಗೇ ಗುಂಡು ಹೊಡೆದ ಕಥೆಗಳು ಮಲೆನಾಡಿನಲ್ಲಿ ಒಂದೆರಡಲ್ಲ. ಹೊಡೆದವನು ದುಷ್ಟನಲ್ಲ, ಕಣ್ಣಿಗೆ ಕಾಣದುದಕ್ಕೆ ಹೊಡೆಯಬಾರದೆಂದು ಅವನಿಗೆ ಯಾರೂ ಕಲಿಸಿರಲಿಲ್ಲ. ಹತ್ತು ನಿಮಿಷದ ಒಂದು ಪಾಠವಿಲ್ಲದೆ ಎರಡು ಸಂಸಾರಗಳು ಬೀದಿಗೆ ಬಿದ್ದುವು. ನೆರೆಯವರ ಪ್ರಶ್ನೆಗೆ ನಾನು ಕೊಡುವ ಉತ್ತರ ಇದೇ: ಬಂದೂಕು ನಮ್ಮ ಊರುಗಳಲ್ಲಿ ಆಗಲೇ ಇದೆ, ಇಲ್ಲದಿರುವುದು ಅದರ ವಿದ್ಯೆ.

ಈ ವಿದ್ಯೆ ಕನ್ನಡದಲ್ಲಿ ಇಳಿಯಬೇಕು. ಕವಾಯತಿನ ಆಜ್ಞೆ ಯಾವ ಭಾಷೆಯಲ್ಲಿಯೇ ಇರಲಿ, ಅಪಾಯದ ಅರಿವು ತಾಯ್ನುಡಿಯಲ್ಲಿ ಆಗದಿದ್ದರೆ ಅದು ಕೈಯ ವರೆಗೆ ತಲುಪಲಾರದು. ಕೋವಿ, ನಳಿಗೆ, ತೋಟಾ, ಕುದುರೆ, ಈಡು, ಗುರಿ, ಈ ಮಾತುಗಳೆಲ್ಲ ನಮ್ಮ ಜನರ ಬಾಯಲ್ಲಿ ಇರುವುವೇ. ಉಪಾಧ್ಯಾಯ ಬಂಧುಗಳೇ, ಇಲ್ಲಿ ನಿಮ್ಮ ಕೆಲಸವಿದೆ. ಆ ನಾಲ್ಕು ಕಟ್ಟಳೆಗಳನ್ನು ನೀವು ಕಲಿತು, ಅಕ್ಷರ ಬಾರದ ರೈತನಿಗೂ ತಿಳಿಯುವಂತೆ ಆಡುಮಾತಿನಲ್ಲಿ ಹೇಳಿರಿ. ಸೋದರಿಯರೂ ಹಿಂಜರಿಯಬಾರದು, ಮನೆಯಲ್ಲಿರುವ ಆಯುಧದ ಅಪಾಯವನ್ನು ಮನೆಯೊಡತಿ ಅರಿತಿದ್ದರೆ ಆ ಮನೆಯ ಮಕ್ಕಳು ಸುರಕ್ಷಿತರು.

ಹಲಗಲಿಯವರು ಕೈಯಿಂದ ಆಯುಧವನ್ನು ಕಸಿಯಲು ಬಂದವರೊಡನೆ ಹೋರಾಡಿದರು. ನಮ್ಮ ಕೈಯಿಂದ ಅದನ್ನು ಕಸಿಯಲು ಈಗ ಯಾರೂ ದಂಡೆತ್ತಿ ಬರುವುದಿಲ್ಲ. ಅವರು ಮಾನಕ್ಕಾಗಿ ಹಿಡಿದುದನ್ನು ನಾವು ಮೀಸೆಯ ಶೋಕಿಗಾಗಿ ಹಿಡಿದರೆ ಅವರ ನೆನಪಿಗೆ ಕುಂದು ತಂದಂತಾಗುವುದು. ಪ್ರಮಾಣಪತ್ರಕ್ಕಾಗಿ ಮಾತ್ರ ಹೋಗಬೇಡಿರಿ, ಅದು ಕಾಗದ. ತುಂಬಿದ ಬಂದೂಕನ್ನು ಕೈಯಲ್ಲಿ ಹಿಡಿದು, ಸಂದೇಹ ಬಂದೊಡನೆ ಬೆರಳನ್ನು ಹಿಂತೆಗೆದು, ತೋಟಾವನ್ನು ಹೊರತೆಗೆಯಬಲ್ಲವನೇ ಈ ಪರೀಕ್ಷೆಯಲ್ಲಿ ತೇರ್ಗಡೆಯಾದವನು. ನೀವೆಲ್ಲರೂ ಹಾಗೆ ತೇರ್ಗಡೆಯಾಗಿ ಬರಬೇಕೆಂದು ಹಾರೈಸುತ್ತೇನೆ.