ಮಲಪ್ರಭೆಗೆ ಎಷ್ಟು ಮಂದಿ ಸಚಿವರು?



ಹೊಸ ಸರ್ಕಾರ ಬಂದಾಗಲೆಲ್ಲ ನಮ್ಮ ಕಡೆ ಮೊದಲು ಶುರುವಾಗುವುದು ಒಂದೇ ಲೆಕ್ಕ: ಬೆಳಗಾವಿ ಜಿಲ್ಲೆಗೆ ಎಷ್ಟು ಮಂತ್ರಿಗಿರಿ ಸಿಕ್ಕವು, ಯಾರಿಗೆ ಯಾವ ಖಾತೆ ಬಂತು, ಯಾರ ಹೆಸರು ಕಡೇ ಗಳಿಗೆಯಲ್ಲಿ ತಪ್ಪಿಹೋಯಿತು. ಹದಿನೆಂಟು ವಿಧಾನಸಭಾ ಕ್ಷೇತ್ರಗಳಿರುವ ಜಿಲ್ಲೆಯಲ್ಲಿ ಈ ಲೆಕ್ಕ ಸಹಜವೇ. 2023ರ ಮೇ ತಿಂಗಳಲ್ಲಿ ಸಿದ್ದರಾಮಯ್ಯನವರ ಸಂಪುಟ ರಚನೆಯಾದಾಗ ಸತೀಶ ಜಾರಕಿಹೊಳಿಯವರಿಗೆ ಲೋಕೋಪಯೋಗಿ, ಲಕ್ಷ್ಮೀ ಹೆಬ್ಬಾಳಕರ ಅವರಿಗೆ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಎಂದು ತಿಳಿದ ಕೂಡಲೇ ಕಟ್ಟೆಯ ಮೇಲಿನ ಚರ್ಚೆ ಮುಗಿದುಹೋಯಿತು. ಖಾತೆ ಯಾರ ಪಾಲಾಯಿತು ಎಂದು ನಾವು ಕೇಳುತ್ತೇವೆ. ಆ ಖಾತೆಯ ಎಲ್ಲೆ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ, ಆ ಎಲ್ಲೆ ಹಾಕಿದವರು ಯಾರು, ಯಾವ ಕಾರಣಕ್ಕೆ ಎಂದು ಕೇಳುವುದಿಲ್ಲ. ಸಚಿವರನ್ನು ಆರಿಸುವುದು ಮುಖ್ಯಮಂತ್ರಿಯ ಹಕ್ಕು, ಅದು ಹಾಗೆಯೇ ಇರಲಿ. ಆದರೆ ಸರ್ಕಾರದ ಕೆಲಸವನ್ನು ಎಲ್ಲೆಲ್ಲಿ ಕತ್ತರಿಸಬೇಕೆಂಬ ತೀರ್ಮಾನ ವಿಧಾನಮಂಡಲದ ಎದುರು, ಕಾರಣ ಸಮೇತ ಬರಬೇಕು. ಇಂದಿನ ಉಪನ್ಯಾಸದಲ್ಲಿ ನಾನು ವಾದಿಸಬೇಕೆಂದಿರುವುದು ಇಷ್ಟು.

ಕಾನೂನಿನ ಸ್ಥಿತಿಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಸಂವಿಧಾನದ 164ನೇ ವಿಧಿಯಂತೆ ಮುಖ್ಯಮಂತ್ರಿಯ ಸಲಹೆಯ ಮೇರೆಗೆ ರಾಜ್ಯಪಾಲರು ಸಚಿವರನ್ನು ನೇಮಿಸುತ್ತಾರೆ. ಸಚಿವ ಸಂಪುಟ ಒಟ್ಟಾಗಿ ವಿಧಾನಸಭೆಗೆ ಹೊಣೆಯಾಗಿರುತ್ತದೆ. ಕೆಲಸ ಹಂಚುವ ನಿಯಮಗಳ ಬುಡ 166ನೇ ವಿಧಿಯ ಮೂರನೇ ಖಂಡದಲ್ಲಿದೆ. ಅದರಡಿಯಲ್ಲಿ ನಮ್ಮ ರಾಜ್ಯ 1977ರಲ್ಲಿ ಕಾರ್ಯ ಹಂಚಿಕೆ ನಿಯಮಗಳನ್ನೂ ಕಾರ್ಯ ನಿರ್ವಹಣೆ ನಿಯಮಗಳನ್ನೂ ಮಾಡಿಕೊಂಡಿತು. ಯಾವ ವಿಷಯ ಯಾವ ಇಲಾಖೆಯದು, ಯಾವ ಕಡತ ಸಂಪುಟದ ಮುಂದೆ ಬರಬೇಕು ಎಂಬುದೆಲ್ಲ ಅಲ್ಲಿದೆ. ಒಂದು ಇಲಾಖೆಯನ್ನು ಎರಡು ಮಾಡಲು, ಎರಡನ್ನು ಒಂದು ಮಾಡಲು, ಇವರ ಕೈಯಿಂದ ತೆಗೆದು ಅವರ ಕೈಗೆ ಕೊಡಲು ಸದನದ ಒಪ್ಪಿಗೆ ಬೇಕೆಂದು ಸಂವಿಧಾನ ಹೇಳುವುದಿಲ್ಲ. ರಾಜ್ಯಪಾಲರ ಹೆಸರಿನಲ್ಲಿ ಒಂದು ಅಧಿಸೂಚನೆ ಹೊರಟರೆ ಸಾಕು.

ಈ ಕತ್ತರಿಕೆ ನೆಲದ ಮೇಲೆ ಹೇಗೆ ಕಾಣುತ್ತದೆ ಎಂದು ನೋಡಲು ನಾವು ಬೆಂಗಳೂರಿನವರೆಗೆ ಹೋಗಬೇಕಿಲ್ಲ. ಕಣಕುಂಬಿಯಲ್ಲಿ ಹುಟ್ಟಿ, ನವಿಲುತೀರ್ಥದಲ್ಲಿ ಅಣೆಕಟ್ಟಿಗೆ ಸಿಕ್ಕಿ, ರಾಮದುರ್ಗ ದಾಟಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಮಲಪ್ರಭೆಯನ್ನೇ ತೆಗೆದುಕೊಳ್ಳಿ. ಆ ಅಣೆಕಟ್ಟಿನ ಜಲಾಶಯ ರೇಣುಕಾಸಾಗರದಲ್ಲಿ ನಿಲ್ಲುವ ಸುಮಾರು 37.7 ಟಿಎಂಸಿ ಅಡಿ ನೀರು ಜಲಸಂಪನ್ಮೂಲ ಇಲಾಖೆಯದು. ಕಾಲುವೆ ನೋಡಿಕೊಳ್ಳುವುದು ಅದರಡಿಯ ಕರ್ನಾಟಕ ನೀರಾವರಿ ನಿಗಮ. ಅದೇ ಮಳೆ ಊರ ಕೆರೆಗೆ ಬಿದ್ದರೆ ಲೆಕ್ಕ ಬೇರೆ. ಅಚ್ಚುಕಟ್ಟು 40 ಹೆಕ್ಟೇರಿನೊಳಗಿದ್ದರೆ ಕೆರೆ ಪಂಚಾಯತ್ ವ್ಯವಸ್ಥೆಯದು, 40ರಿಂದ 2,000 ಹೆಕ್ಟೇರಿನವರೆಗೆ ಸಣ್ಣ ನೀರಾವರಿಯದು, ಅದರಾಚೆಗೆ ಮತ್ತೆ ಜಲಸಂಪನ್ಮೂಲದ್ದು. ನೆಲದೊಳಕ್ಕೆ ಇಂಗಿದ ನೀರು ಸಣ್ಣ ನೀರಾವರಿಯ ಅಂತರ್ಜಲ ವಿಭಾಗಕ್ಕೆ ಸೇರುತ್ತದೆ. ಬಡ ರೈತನಿಗೆ ಗಂಗಾ ಕಲ್ಯಾಣದಲ್ಲಿ ಕೊರೆಸಿಕೊಡುವ ಕೊಳವೆಬಾವಿ ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳ ನಿಗಮಗಳದ್ದು. ಅದರ ಪಂಪ್‌ಸೆಟ್ಟಿಗೆ ಕರೆಂಟ್ ಕೊಡುವ ಹೆಸ್ಕಾಂ ಇಂಧನ ಖಾತೆಯದು. ಹಳ್ಳಿಯ ನಲ್ಲಿಗೆ ಗ್ರಾಮೀಣಾಭಿವೃದ್ಧಿ, ಸವದತ್ತಿ ಪುರಸಭೆಯ ನಲ್ಲಿಗೆ ಪೌರಾಡಳಿತ, ಇಲ್ಲಿಂದಲೇ ಕುಡಿಯುವ ಹುಬ್ಬಳ್ಳಿ-ಧಾರವಾಡಕ್ಕೆ ನಗರಾಭಿವೃದ್ಧಿ. ಹಿನ್ನೀರಿನ ಮೀನಿಗೂ ಒಬ್ಬ ಸಚಿವರಿದ್ದಾರೆ. 2018ರ ಆಗಸ್ಟಿನಲ್ಲಿ ಮಹದಾಯಿ ನ್ಯಾಯಮಂಡಳಿ ಕಳಸಾ-ಬಂಡೂರಿಯಿಂದ ಮಲಪ್ರಭೆಗೆ 3.9 ಟಿಎಂಸಿ ಅಡಿ ಹಂಚಿತು. ಆ ನೀರು ಬರಬೇಕಾದ ದಾರಿಯಲ್ಲಿ ಕಾಡಿದೆ. ಹಾಗಾಗಿ ಅರಣ್ಯ ಖಾತೆಯೂ, ದಿಲ್ಲಿಯ ಒಂದು ಮಂತ್ರಾಲಯವೂ ನಮ್ಮ ಹೊಳೆಗೆ ಪಾಲುದಾರರು.

ಇಷ್ಟು ಕೈಗಳಿರುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಅಣೆಕಟ್ಟು ಕಟ್ಟುವ ಎಂಜಿನಿಯರಿಗೂ ಮೀನುಮರಿ ಬಿಡುವವರಿಗೂ ಬೇಕಾದ ತಿಳಿವಳಿಕೆ ಬೇರೆ ಬೇರೆ. ಕೆಲಸಕ್ಕೆ ತಕ್ಕ ಪರಿಣತಿ ಬೇಕೆಂಬ ಕಾರಣಕ್ಕೆ ಬಿದ್ದ ಎಲ್ಲೆ ಒಂದು ಬಗೆಯದು, ಸಚಿವರ ಸಂಖ್ಯೆಗೆ ತಕ್ಕಷ್ಟು ಕುರ್ಚಿ ಬೇಕೆಂಬ ಕಾರಣಕ್ಕೆ ಬಿದ್ದದ್ದು ಇನ್ನೊಂದು ಬಗೆಯದು. 2,000 ಹೆಕ್ಟೇರಿನ ಗಡಿ ಯೋಜನೆಯ ಗಾತ್ರ ಅಳೆಯಲು ಬಂದದ್ದು. ಅಳತೆಗೋಲಾಗಿ ಅದು ಸರಿಯೇ. ಅದೇ ಗೆರೆ ಇಬ್ಬರು ಸಚಿವರ ನಡುವಿನ ಗೋಡೆಯಾದಾಗ, ಕಾಲುವೆಯ ಕೊನೆಯಂಚಿನ ರೈತ ತನ್ನೂರ ಕೆರೆಗೆ ಕಾಲುವೆ ನೀರು ತುಂಬಿಸಿ ಎಂದರೆ ಕಡತ ಎರಡು ಇಲಾಖೆಗಳ ಮೆಟ್ಟಿಲು ಹತ್ತಿ ಇಳಿಯಬೇಕಾಗುತ್ತದೆ.

ಎಲ್ಲೆಯ ಸಂದಿಯಲ್ಲಿ ಹೊಣೆ ಜಾರಿಹೋದರೆ ಏನಾಗುತ್ತದೆಂದು ಮಲಪ್ರಭೆಯ ಅಚ್ಚುಕಟ್ಟು 1980ರಲ್ಲಿಯೇ ಕಂಡಿದೆ. ನೀರಾವರಿಯಿಂದ ಜಮೀನಿನ ಬೆಲೆ ಏರಿತೆಂದು ಅದರ ಪಾಲು ಕೇಳುವ ಅಭಿವೃದ್ಧಿ ಕರಕ್ಕೆ, ಜನರ ಬಾಯಲ್ಲಿನ ಬೆಟರ್‌ಮೆಂಟ್ ಲೆವಿಗೆ, 1957ರ ಕಾಯ್ದೆಯ ಆಧಾರವಿತ್ತು. ಕಾಲುವೆ ತೋಡಿದ್ದು ನೀರಾವರಿಯವರು, ವಸೂಲಿಗೆ ಬಂದದ್ದು ಕಂದಾಯದವರು. ಹೊಲಕ್ಕೆ ನೀರೇ ಮುಟ್ಟಿಲ್ಲ ಎಂಬ ರೈತನ ದೂರು ತಹಶೀಲ್ದಾರರ ಅಧಿಕಾರಕ್ಕೆ ಹೊರಗಿನದು. ಬಾಕಿ ಮನ್ನಾ ಮಾಡಿ ಎಂಬ ಬೇಡಿಕೆ ಎಂಜಿನಿಯರರ ಅಧಿಕಾರಕ್ಕೆ ಹೊರಗಿನದು. ಆ ವರ್ಷ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಗೋಲಿಬಾರ್ ಆಗಿ ರೈತರು ಪ್ರಾಣ ಕಳೆದುಕೊಂಡರು. ಆ ಬೆಂಕಿಯಿಂದಲೇ ರಾಜ್ಯ ರೈತಸಂಘ ಬೆಳೆಯಿತು, 1983ರ ಚುನಾವಣೆಯಲ್ಲಿ ಗುಂಡೂರಾವ್ ಸರ್ಕಾರ ಹೋಯಿತು. ಬಂಡಾಯಕ್ಕೆ ಖಾತೆಗಳ ಹಂಚಿಕೆಯೊಂದೇ ಕಾರಣವೆಂದರೆ ಅದು ಅತಿರೇಕ. ಬೆಳೆಯ ಬೆಲೆ, ಸಾಲ, ಜವಳು ಹಿಡಿದ ಜಮೀನು, ಪೊಲೀಸರ ನಡವಳಿಕೆ ಎಲ್ಲವೂ ಅಲ್ಲಿದ್ದವು. ಆದರೂ ನೀರು ಕೊಡುವ ಕೈ ಮತ್ತು ಕರ ಕೇಳುವ ಕೈ ಬೇರೆಯಾಗಿ, ಎರಡೂ ಒಂದಕ್ಕೊಂದು ಉತ್ತರ ಹೇಳಬೇಕಿಲ್ಲದಿದ್ದದ್ದು ಆ ಸಿಟ್ಟನ್ನು ಹರಿತಗೊಳಿಸಿತು ಎನ್ನುವುದನ್ನು ಅಲ್ಲಗಳೆಯುವುದು ಕಷ್ಟ.

ಇನ್ನು ಸವದತ್ತಿಯ ಯಲ್ಲಮ್ಮನ ಗುಡ್ಡದ ಕಡೆ ನೋಡೋಣ. ಯಲ್ಲಮ್ಮನ ಗುಡಿ ಮುಜರಾಯಿಗೆ ಸೇರಿದ್ದು, ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಿಗೆ ಜನ ಬರುವ ಬಸ್ಸು ಸಾರಿಗೆಯದು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲವಾಗಿ ಗುಡ್ಡದ ದಾರಿಯ ಬಸ್ಸುಗಳು ತುಂಬಿದವು. ಆಗ ಸಾರಿಗೆ, ಮುಜರಾಯಿ ಎರಡೂ ರಾಮಲಿಂಗಾರೆಡ್ಡಿಯವರ ಬಳಿಯೇ ಇದ್ದವು. ಬಸ್ಸು ತಂದ ಭಕ್ತರಿಗೆ ಗುಡಿಯ ಬಳಿ ನೆರಳು, ನೀರು, ಶೌಚಾಲಯ ಸಾಲದಾದರೆ ಬೇರೆ ಖಾತೆಯತ್ತ ಬೆರಳು ತೋರಿಸಲು ಅವರಿಗೆ ಅವಕಾಶವಿರಲಿಲ್ಲ. ಇದು ಯೋಚಿಸಿ ಮಾಡಿದ ಜೋಡಣೆ ಎಂದು ನನಗನಿಸುವುದಿಲ್ಲ. ನಮ್ಮ ಪಾಲಿಗೆ ಒದಗಿಬಂದ ಅದೃಷ್ಟ. ಆದರೆ ಗುಡ್ಡದ ಹಳೆಯ ಗಾಯ ದೇವದಾಸಿ ಪದ್ಧತಿ. ಮುಂಬಯಿ ಪ್ರಾಂತದ 1934ರ ಕಾಯ್ದೆ ಅದನ್ನು ತಡೆಯಲು ಹೊರಟಿತ್ತು, 1982ರಲ್ಲಿ ಕರ್ನಾಟಕ ತನ್ನದೇ ನಿಷೇಧ ಕಾಯ್ದೆ ತಂದಿತು. ಆ ಪದ್ಧತಿಗೆ ಸಿಕ್ಕ ಹೆಣ್ಣುಮಕ್ಕಳ ಪುನರ್ವಸತಿ ಮಹಿಳಾ ಅಭಿವೃದ್ಧಿ ನಿಗಮದ ಹೊಣೆ, ಮುತ್ತು ಕಟ್ಟಿ ದೇವಿಗೆ ಬಿಡುವುದನ್ನು ತಡೆಯಬೇಕಾದದ್ದು ಗೃಹ ಖಾತೆಯ ಪೊಲೀಸರು, ಗುಡಿಯ ಆವರಣ ಮುಜರಾಯಿಯದು, ಅವರಿಗೆ ನಿವೇಶನ ಕೊಡಬೇಕಾದಲ್ಲಿ ಕಂದಾಯ ಮತ್ತು ವಸತಿ. ಇಷ್ಟೂ ಖಾತೆಗಳನ್ನು ಒಟ್ಟುಗೂಡಿಸುವ ಒಬ್ಬ ಸಚಿವರನ್ನು ಕಾಣುವುದು ಕಷ್ಟ.

ಗುಡ್ಡದ ಅಭಿವೃದ್ಧಿಗೆ ಇಲಾಖೆಗಳು ಒಂದಾಗಿ ಬರುತ್ತಿಲ್ಲವೆಂದು ಕಂಡಾಗ ಸರ್ಕಾರ ಏನು ಮಾಡಿತು? 2024ರಲ್ಲಿ ರೇಣುಕಾ ಯಲ್ಲಮ್ಮ ಕ್ಷೇತ್ರಕ್ಕೆಂದೇ ಒಂದು ಪ್ರವಾಸೋದ್ಯಮ ಅಭಿವೃದ್ಧಿ ಮಂಡಳಿ ರಚಿಸುವ ಮಸೂದೆ ತಂದು ಉಭಯ ಸದನಗಳ ಒಪ್ಪಿಗೆ ಪಡೆಯಿತು. ಮಾಡಿದ್ದು ಸರಿ. ಇಲ್ಲೊಂದು ವಿಚಿತ್ರವನ್ನು ಮಾತ್ರ ಗಮನಿಸಿ. ಒಂದು ಗುಡ್ಡದ ಮಂಡಳಿಗೆ ಮಸೂದೆ, ಚರ್ಚೆ, ಮತ ಎಲ್ಲವೂ ಬೇಕಾಯಿತು. ಇಡೀ ರಾಜ್ಯದ ನೀರನ್ನೋ ಆಸ್ಪತ್ರೆಗಳನ್ನೋ ಇಬ್ಬರು ಸಚಿವರಿಗೆ ಒಡೆದು ಕೊಡಲು ಇದ್ಯಾವುದೂ ಬೇಕಾಗುವುದಿಲ್ಲ.

ಆಸ್ಪತ್ರೆಯ ಮಾತು ಸುಮ್ಮನೆ ಬಂದದ್ದಲ್ಲ. ಸವದತ್ತಿಯ ತಾಲ್ಲೂಕು ಆಸ್ಪತ್ರೆ ಆರೋಗ್ಯ ಇಲಾಖೆಯದು. ಅಲ್ಲಿಂದ ರೋಗಿಯನ್ನು ಬೆಳಗಾವಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಯಾದ ಬಿಮ್ಸ್‌ಗೆ ಕಳಿಸಿದರೆ ಆಕೆ ವೈದ್ಯಕೀಯ ಶಿಕ್ಷಣ ಇಲಾಖೆಯ ಹೊಸ್ತಿಲು ದಾಟಿದಂತೆ. 2020ರಲ್ಲಿ ಕೊರೋನಾ ಬಂದಾಗ ಆರೋಗ್ಯ ಶ್ರೀರಾಮುಲು ಅವರ ಬಳಿ, ವೈದ್ಯಕೀಯ ಶಿಕ್ಷಣ ಸುಧಾಕರ್ ಅವರ ಬಳಿ ಇತ್ತು. ಯಾರು ಯಾವುದಕ್ಕೆ ಹೊಣೆ ಎಂಬ ಗೊಂದಲ ತಿಂಗಳುಗಟ್ಟಲೆ ನಡೆಯಿತು. ಕಡೆಗೆ ಆ ಅಕ್ಟೋಬರಿನಲ್ಲಿ ಎರಡನ್ನೂ ಸುಧಾಕರ್ ಅವರಿಗೇ ಒಪ್ಪಿಸಲಾಯಿತು. 2021ರ ಜನವರಿಯಲ್ಲಿ ವೈದ್ಯಕೀಯ ಶಿಕ್ಷಣ ಮಾಧುಸ್ವಾಮಿಯವರ ಕಡೆ ಹೋಗಿ, ಅಸಮಾಧಾನ ಎದ್ದ ಮೇಲೆ ಕೆಲವೇ ದಿನಗಳಲ್ಲಿ ಮರಳಿತು. 2023ರಲ್ಲಿ ಮತ್ತೆ ಎರಡಾಯಿತು: ಆರೋಗ್ಯ ದಿನೇಶ್ ಗುಂಡೂರಾವ್ ಅವರಿಗೆ, ವೈದ್ಯಕೀಯ ಶಿಕ್ಷಣ ಶರಣಪ್ರಕಾಶ ಪಾಟೀಲರಿಗೆ. ಒಂದಾಗಿದ್ದಾಗ ಕಂಡ ಲಾಭವೇನು, ಮತ್ತೆ ಒಡೆಯಲು ಕಾರಣವೇನು? ಕೇಳಿದವರಿಲ್ಲ, ಹಾಗಾಗಿ ಹೇಳಿದವರೂ ಇಲ್ಲ. ಸಚಿವರು ಯೋಗ್ಯರೋ ಅಲ್ಲವೋ ಎಂಬುದು ಇಲ್ಲಿ ನನ್ನ ಪ್ರಶ್ನೆಯಲ್ಲ.

ಸಚಿವರ ಸಂಖ್ಯೆಗೆ ಈಗಾಗಲೇ ಮಿತಿ ಇದೆಯಲ್ಲ, ಸಾಲದೇ ಎಂದು ಕೇಳಬಹುದು. ಉತ್ತರ ಪ್ರದೇಶದಲ್ಲಿ 1997ರ ಕಲ್ಯಾಣ ಸಿಂಗ್ ಸಂಪುಟ 93 ಮಂದಿಯವರೆಗೆ ಉಬ್ಬಿದಂಥ ಪ್ರಸಂಗಗಳಾದ ಮೇಲೆ, 2003ರ 91ನೇ ತಿದ್ದುಪಡಿ ವಿಧಾನಸಭೆಯ ಶೇಕಡಾ 15ರ ಮಿತಿ ಹಾಕಿತು. ನಮ್ಮ 224 ಸ್ಥಾನಗಳಿಗೆ ಅದು ಮುಖ್ಯಮಂತ್ರಿಯೂ ಸೇರಿ 34 ಆಗುತ್ತದೆ. ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯನವರ ಆಯೋಗ ಶೇಕಡಾ 10 ಸಾಕೆಂದಿತ್ತು; ಹಾಗಾಗಿದ್ದರೆ 22. ಮೇಲಿನ ಮಿತಿ ಎಂದು ಬರೆದದ್ದು ನಮ್ಮಲ್ಲಿ ಪ್ರತಿ ಸರ್ಕಾರವೂ ತಲುಪಬೇಕಾದ ಗುರಿಯಾಗಿಬಿಟ್ಟಿದೆ. ಅದರಲ್ಲಿ ಹಿಡಿಸದವರಿಗೆ ಸಂಪುಟ ದರ್ಜೆಯ ಸ್ಥಾನಮಾನವಿದೆ. ತಿದ್ದುಪಡಿ ತಲೆ ಎಣಿಸಿತು, ಕೆಲಸದ ಎಲ್ಲೆಯನ್ನು ಮುಟ್ಟಲಿಲ್ಲ.

ಪ್ರಾತಿನಿಧ್ಯದ ವಾದ ಇದಕ್ಕಿಂತ ಗಟ್ಟಿ. ಇಷ್ಟೊಂದು ಜಾತಿ, ಪ್ರದೇಶ, ಪಂಗಡಗಳಿರುವ ರಾಜ್ಯದಲ್ಲಿ ಸಂಪುಟ ದೊಡ್ಡದಿರಲೇಬೇಕು, ಇಲ್ಲದಿದ್ದರೆ ಅಧಿಕಾರ ಕೆಲವರ ಕೈಯಲ್ಲೇ ಉಳಿಯುತ್ತದೆ ಎನ್ನುತ್ತಾರೆ. ಇದನ್ನು ನಾನು ಮನಸಾರೆ ಒಪ್ಪುತ್ತೇನೆ. ಉತ್ತರ ಕರ್ನಾಟಕದವರು ಇದನ್ನು ಹಗುರಾಗಿ ತೆಗೆದುಕೊಳ್ಳಲಾರರು. ಆದರೆ ಪ್ರಾತಿನಿಧ್ಯ ಬರುವುದು ಸಂಪುಟದ ಮೇಜಿನ ಸುತ್ತ ಕುಳಿತು ಎಲ್ಲ ತೀರ್ಮಾನಗಳಲ್ಲಿ ದನಿ ಕೂಡಿಸುವುದರಿಂದ. ಒಂದು ದೊಡ್ಡ ಖಾತೆಯಲ್ಲಿ ಸಂಪುಟ ಸಚಿವರ ಜೊತೆ ರಾಜ್ಯ ಸಚಿವರನ್ನು ಇಟ್ಟುಕೊಳ್ಳಲು ಯಾವ ಅಡ್ಡಿಯೂ ಇಲ್ಲ. ಯಾವುದೋ ಇಲಾಖೆಯ ಚೂರನ್ನು ಹರಿದು ಕೈಗಿಟ್ಟು, ಇದು ನಿಮ್ಮ ಸಮುದಾಯದ ಪಾಲು ಎನ್ನುವುದು ಆ ಸಮುದಾಯಕ್ಕೆ ತೋರುವ ಗೌರವವೂ ಅಲ್ಲ.

ಜಿಲ್ಲಾ ಉಸ್ತುವಾರಿ ಸಚಿವರಿದ್ದಾರೆ, ಜಿಲ್ಲೆಯ ಪ್ರಗತಿ ಪರಿಶೀಲಿಸುವ ಕೆಡಿಪಿ ಸಭೆಯಲ್ಲಿ ಎಲ್ಲ ಇಲಾಖೆಗಳೂ ಒಂದೇ ಸೂರಿನಡಿ ಬರುತ್ತವೆ ಎಂಬ ಸಮಾಧಾನವೂ ಉಂಟು. ಸಭೆಯಲ್ಲಿ ಉಸ್ತುವಾರಿ ಸಚಿವರು ಅಧಿಕಾರಿಯನ್ನು ಗದರಿಸಬಹುದು; ಬೇರೆ ಖಾತೆಯ ಹಣ, ಆ ಖಾತೆಯ ವರ್ಗಾವಣೆ ಅವರ ಕೈಯಲ್ಲಿಲ್ಲ. ಸಂವಿಧಾನದಲ್ಲಿ ಆ ಹುದ್ದೆಯ ಹೆಸರೂ ಇಲ್ಲ. ಇನ್ನು ಮಂತ್ರಿಗಳಿಲ್ಲದೆಯೂ ಅಧಿಕಾರಿಗಳು ರಾಜ್ಯ ನಡೆಸುತ್ತಾರೆ, ಖಾತೆ ಯಾರದಾದರೇನು ಎನ್ನುವವರಿಗೆ 2019 ಒಳ್ಳೆಯ ಉದಾಹರಣೆಯಂತೆ ಕಾಣಬಹುದು. ಜುಲೈ 26ರಂದು ಯಡಿಯೂರಪ್ಪನವರು ಒಬ್ಬರೇ ಪ್ರಮಾಣವಚನ ತೆಗೆದುಕೊಂಡರು, ಹದಿನೇಳು ಸಚಿವರು ಬಂದದ್ದು ಆಗಸ್ಟ್ 20ಕ್ಕೆ. ಮುನವಳ್ಳಿ, ರಾಮದುರ್ಗಗಳಿಗೆ ಮಲಪ್ರಭೆ ನುಗ್ಗಿದ್ದು ಆ ನಡುವೆಯೇ. ಜನರನ್ನು ದಡ ಸೇರಿಸಿದ್ದು ಅಧಿಕಾರಿಗಳು, ರಕ್ಷಣಾ ಪಡೆಗಳು, ಊರವರು, ನಿಜ. ಆದರೆ ಕುಸಿದ ಮನೆಗೆ ಐದು ಲಕ್ಷ ರೂಪಾಯಿ ಎಂದು ನಿರ್ಧರಿಸಲು ಚುನಾಯಿತನೊಬ್ಬನೇ ಬೇಕಾಯಿತು. ಅಣೆಕಟ್ಟಿನ ಗೇಟು, ಪರಿಹಾರದ ಪಟ್ಟಿ, ಕಿತ್ತುಹೋದ ರಸ್ತೆ, ಕೊಚ್ಚಿಹೋದ ಬೆಳೆ, ಎಲ್ಲದಕ್ಕೂ ಒಬ್ಬರೇ ಉತ್ತರಿಸಬೇಕಾದಾಗ ಯಾವುದಕ್ಕೂ ಬಿಡಿಸಿ ಉತ್ತರಿಸುವವರು ಇಲ್ಲದಂತಾಯಿತು. ಖಾತೆಗಳು ಅತಿಯಾಗಿ ಚೂರಾದರೂ ಒಂದೇ ಕೈಯಲ್ಲಿ ಗುಡ್ಡೆಯಾದರೂ ನಷ್ಟವಾಗುವುದು ಉತ್ತರದಾಯಿತ್ವಕ್ಕೇ.

ಬೇರೆ ಕಡೆ ಇದನ್ನು ಸದನದ ಎದುರು ತರುವ ರೂಢಿ ಇದೆ. ನಮ್ಮ ಸಂಸದೀಯ ಪದ್ಧತಿಯ ಮೂಲವಾದ ಬ್ರಿಟನ್ನಿನಲ್ಲಿ ಒಬ್ಬ ಸಚಿವರ ಕೆಲಸವನ್ನು ಇನ್ನೊಬ್ಬರಿಗೆ ವರ್ಗಾಯಿಸುವ ಆದೇಶಗಳನ್ನು ಸಂಸತ್ತಿನ ಮುಂದಿಡುವ ವ್ಯವಸ್ಥೆ 1975ರ ಕಾಯ್ದೆಯಲ್ಲಿದೆ. ಅಮೆರಿಕದಲ್ಲಿ 22 ಸಂಸ್ಥೆಗಳನ್ನು ಕೂಡಿಸಿ ಆಂತರಿಕ ಭದ್ರತಾ ಇಲಾಖೆ ಕಟ್ಟಲು 2002ರಲ್ಲಿ ಕಾಂಗ್ರೆಸ್ ಕಾಯ್ದೆಯನ್ನೇ ಮಾಡಬೇಕಾಯಿತು. ಅಷ್ಟು ಬಿಗಿ ನಮಗೆ ಬೇಡ. 2018ರಲ್ಲಿ ಕುಮಾರಸ್ವಾಮಿಯವರು ಮೇ 23ರಂದು ಅಧಿಕಾರ ವಹಿಸಿಕೊಂಡರೂ ಉಳಿದ ಸಚಿವರು ಬಂದದ್ದು ಜೂನ್ 6ಕ್ಕೆ. ಎರಡು ಪಕ್ಷಗಳ ಖಾತೆ ಚೌಕಾಸಿಯೇ ಅಷ್ಟು ಹಿಡಿಯುವಾಗ ಸದನದ ಒಪ್ಪಿಗೆಗೂ ಕಾಯುತ್ತ ಕೂತರೆ ಸರ್ಕಾರ ಶುರುವಾಗುವುದೇ ಇಲ್ಲ ಎಂಬ ಆಕ್ಷೇಪದಲ್ಲಿ ಹುರುಳಿದೆ. ಅದಕ್ಕೇ ಮುಂಗಡ ಒಪ್ಪಿಗೆಯನ್ನು ನಾನು ಕೇಳುತ್ತಿಲ್ಲ. ಹಂಚಿಕೆ ಅಧಿಸೂಚನೆಯಿಂದಲೇ ಆಗಲಿ. ಮುಂದಿನ ಅಧಿವೇಶನದ ಮೊದಲ ವಾರದಲ್ಲಿ ಒಂದು ವಿವರಣೆ ಸದನದ ಮೇಜಿಗೆ ಬರಲಿ: ಯಾವ ಇಲಾಖೆ ಒಡೆಯಿತು ಅಥವಾ ಕೂಡಿತು, ಕಾರಣವೇನು, ಯಾವ ಹಣ, ಯಾವ ಸಿಬ್ಬಂದಿ ಎತ್ತ ಹೋಗುತ್ತದೆ, ಎರಡು ಖಾತೆಗಳ ನಡುವೆ ಬೀಳುವ ವಿಷಯಕ್ಕೆ ಸದನದಲ್ಲಿ ಉತ್ತರಿಸುವವರು ಯಾರು. ಅದರ ಮೇಲೆ ಒಂದು ದಿನದ ಚರ್ಚೆ. ಸರ್ಕಾರದ ಬಹುಮತ ಸದನದಲ್ಲಿಯೇ ತೀರ್ಮಾನವಾಗಬೇಕೆಂದು 1994ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಪ್ರಕರಣಕ್ಕೆ ನಮ್ಮ ಸೀಮೆಯ ಎಸ್.ಆರ್. ಬೊಮ್ಮಾಯಿಯವರ ಹೆಸರಿದೆ; ಸರ್ಕಾರದ ಅಸ್ತಿತ್ವವನ್ನೇ ಅಳೆಯಬಲ್ಲ ಸದನ ಅದರ ಕೆಲಸದ ನಕ್ಷೆಯನ್ನು ನೋಡಬಾರದೆನ್ನಲು ಕಾರಣ ಕಾಣುವುದಿಲ್ಲ. ಇದಕ್ಕೆ ಸಂವಿಧಾನ ತಿದ್ದುಪಡಿಯೂ ಬೇಕಿಲ್ಲ. ತನ್ನ ಕಾರ್ಯವಿಧಾನದ ನಿಯಮಗಳನ್ನು ತಾನೇ ಮಾಡಿಕೊಳ್ಳುವ ಅಧಿಕಾರವನ್ನು 208ನೇ ವಿಧಿ ವಿಧಾನಸಭೆಗೆ ಕೊಟ್ಟಿದೆ. ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ನಡೆಯುವಾಗ ಸವದತ್ತಿ, ರಾಮದುರ್ಗ, ಬೈಲಹೊಂಗಲ, ಕಿತ್ತೂರುಗಳ ನಾಲ್ವರು ಶಾಸಕರು ಪಕ್ಷ ಬದಿಗಿಟ್ಟು ಅಂಥದೊಂದು ನಿಯಮದ ಸೂಚನೆ ಕೊಡಬಹುದು.