ಮಕ್ಕಳ ಸ್ಥೂಲಕಾಯ ಮತ್ತು ಮನೆಯ ಹೊಣೆ

(ಹಾಲಹರವಿಯಲ್ಲಿ ಪೋಷಕರನ್ನುದ್ದೇಶಿಸಿ ಮಾಡಿದ ಭಾಷಣ)



ಮಳೆಯನ್ನೇ ನಂಬಿ ಬದುಕುವ ಈ ಸೀಮೆಯಲ್ಲಿ ಮಕ್ಕಳ ಬೊಜ್ಜಿನ ಮಾತನ್ನೆತ್ತುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಹೊಟ್ಟೆ ತುಂಬ ಉಣ್ಣುವುದೇ ದುಸ್ತರವಾಗಿರುವ ಮನೆಗಳು ನಮ್ಮಲ್ಲಿ ಉಂಟು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ ಸುಮಾರು 35 ಮಂದಿ ವಯಸ್ಸಿಗೆ ತಕ್ಕಷ್ಟು ಎತ್ತರ ಬೆಳೆದಿರಲಿಲ್ಲ. ಆದರೆ ಅದೇ ಸಮೀಕ್ಷೆ ಮತ್ತೊಂದು ಸಂಗತಿಯನ್ನೂ ತಿಳಿಸುತ್ತದೆ. ಅತಿತೂಕದ ಮಕ್ಕಳ ಪ್ರಮಾಣವು 2015–16ರಲ್ಲಿ ಶೇಕಡಾ 2.1 ಇದ್ದುದು, 3.4ಕ್ಕೆ ಏರಿತು. ಸಂಖ್ಯೆ ಚಿಕ್ಕದಾಗಿರುವಾಗಲೇ ಎಚ್ಚರಗೊಳ್ಳುವುದು ವಿವೇಕ. ಮೇಲಾಗಿ ಇವೆರಡೂ ಬೇರೆ ಬೇರೆ ಕಷ್ಟಗಳಲ್ಲ. ಸಕ್ಕರೆ, ಮೈದಾ, ಎಣ್ಣೆಗಳಿಂದಾದ ಪೊಟ್ಟಣದ ತಿಂಡಿ ಒಂದು ಮಗುವಿನ ಹಸಿವನ್ನು ಕೊಂದು ಊಟ ತಪ್ಪಿಸುತ್ತದೆ. ಇನ್ನೊಂದು ಮಗುವಿಗೆ ಊಟದ ಮೇಲೆ ಊಟವಾಗಿ ಬೊಜ್ಜನ್ನು ಬೆಳೆಸುತ್ತದೆ.

ದುಂಡಗಿರುವ ಮಗುವೇ ಆರೋಗ್ಯವಂತ ಮಗು ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಆದರೆ ಬಾಲ್ಯದಲ್ಲಿ ಮಿತಿಮೀರಿದ ಬೊಜ್ಜು ಹಲವರಲ್ಲಿ ಪ್ರಾಯದಲ್ಲಿಯೂ ಉಳಿದು, ಸಕ್ಕರೆ ಕಾಯಿಲೆಗೂ ರಕ್ತದ ಒತ್ತಡಕ್ಕೂ ದಾರಿ ಮಾಡಿಕೊಡುತ್ತದೆ. ಇದನ್ನು ಕಣ್ಣಳತೆಯಿಂದ ನಿರ್ಣಯಿಸಲಾಗದು. ಎತ್ತರಕ್ಕೆ ತಕ್ಕ ತೂಕವಿದೆಯೇ ಎಂಬುದನ್ನು ಅಳೆದು ನೋಡಬೇಕು. ಅಪರೂಪಕ್ಕೆ ಗ್ರಂಥಿದೋಷವೂ ಕಾರಣವಾಗಿರುವುದುಂಟಾದ್ದರಿಂದ ವೈದ್ಯರ ಪರೀಕ್ಷೆಯೂ ಅವಶ್ಯಕ.

ಇಂಥ ಮಗುವಿಗೆ ನಾವು ಮಾಡುವುದೇನು? ಒಬ್ಬರು 'ಡುಮ್ಮ' ಎಂದು ಕರೆದು ನಗುತ್ತಾರೆ. ಇನ್ನೊಬ್ಬರು ಅದರ ತಟ್ಟೆಯಿಂದ ರೊಟ್ಟಿಯನ್ನು ತೆಗೆದು ಪಕ್ಕದಲ್ಲಿರುವ ಅಣ್ಣನಿಗೆ ಬಡಿಸುತ್ತಾರೆ. ಇದು ಚಿಕಿತ್ಸೆಯಲ್ಲ, ಶಿಕ್ಷೆ. ನಾಲ್ಕು ವರ್ಷದ ಕೂಸು ಅಂಗಡಿಗೆ ಹೋಗಿ ದಿನಸಿ ತರುವುದಿಲ್ಲ, ಅಡುಗೆ ಮಾಡುವುದಿಲ್ಲ, ಮನೆಯ ವೇಳಾಪಟ್ಟಿಯನ್ನು ನಿಶ್ಚಯಿಸುವುದಿಲ್ಲ. ಅದರ ಕೈಯಲ್ಲಿ ಇಲ್ಲದ ಕೆಲಸಕ್ಕೆ ಅದನ್ನು ಹೊಣೆ ಮಾಡುವುದು ನ್ಯಾಯವಲ್ಲ.

ಈ ಮಾತಿಗೆ ಶಾಸ್ತ್ರದ ಆಧಾರವೂ ಇದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಲಿಯೊನಾರ್ಡ್ ಎಪ್‌ಸ್ಟೈನ್ ಮತ್ತು ಸಂಗಡಿಗರು ಆರರಿಂದ ಹನ್ನೆರಡು ವರ್ಷದ ಸ್ಥೂಲಕಾಯದ ಮಕ್ಕಳನ್ನು ಹತ್ತು ವರ್ಷಗಳವರೆಗೆ ಗಮನಿಸಿ, 1990ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ತಂದೆ ಅಥವಾ ತಾಯಿಯೂ ಮಗುವಿನೊಡನೆ ತಮ್ಮ ಅಭ್ಯಾಸಗಳನ್ನು ತಿದ್ದಿಕೊಂಡಲ್ಲಿ ಗುಣವು ಹೆಚ್ಚು ಕಾಲ ನಿಂತಿತು. 1998ರಲ್ಲಿ ಇಸ್ರೇಲಿನ ಮೊರಿಯಾ ಗೋಲನ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಗುಂಪಿನ ಮಕ್ಕಳನ್ನು ಕರೆಯದೆ ತಂದೆತಾಯಿಗಳಿಗೆ ಮಾತ್ರ ಬೋಧನೆ ಮಾಡಲಾಯಿತು. ಮಕ್ಕಳಿಗೇ ಬೋಧಿಸಿದ ಗುಂಪಿಗಿಂತ ಆ ಗುಂಪಿನಲ್ಲಿ ಅತಿತೂಕ ಹೆಚ್ಚು ಇಳಿಯಿತು.

ಹಾಗಾದರೆ ನಮ್ಮ ಸೀಮೆಗೆ ಒಪ್ಪುವ ಕ್ರಮ ಯಾವುದು? ಕೆಲಸವಿಲ್ಲದ ತಿಂಗಳುಗಳಲ್ಲಿ ಆದೋನಿ, ಆಲೂರು, ಹಾಲಹರವಿ ಕಡೆಯ ಅನೇಕ ಕುಟುಂಬಗಳು ಗುಂಟೂರಿನ ಮೆಣಸಿನಕಾಯಿ ಹೊಲಗಳಿಗೂ ಬೆಂಗಳೂರಿನ ಕಟ್ಟಡದ ಕೆಲಸಕ್ಕೂ ಗುಳೆ ಹೋಗುತ್ತವೆ. ಕೆಲವು ಮಕ್ಕಳು ಅಜ್ಜಿಯ ಬಳಿ ಉಳಿಯುತ್ತಾರೆ. ತಾಯಿಯನ್ನು ನೆನೆದು ಅಳುವ ಮಗುವಿನ ಕೈಗೆ ಅಜ್ಜಿಯು ಬಿಸ್ಕತ್ತಿನ ಪೊಟ್ಟಣ ಕೊಟ್ಟರೆ ಅದು ಪ್ರೀತಿಯೇ ಹೊರತು ಅಪರಾಧವಲ್ಲ. ಆದುದರಿಂದ ನಮ್ಮ ಸಭೆಗಳಿಗೆ ಅಜ್ಜಿಯನ್ನೇ ಮೊದಲು ಕರೆಯಬೇಕು. ಗುಳೆ ಹೊರಡುವ ಮುನ್ನ ತಂದೆತಾಯಿಗಳೊಡನೆ ಕುಳಿತು ಮಾತನಾಡಬೇಕು. ಆಡಳಿತದ ಭಾಷೆ ತೆಲುಗಾಗಿರುವ ಇಲ್ಲಿ, ಕನ್ನಡ ಮಾತನಾಡುವ ಮನೆಗೆ ಆರೋಗ್ಯದ ತಿಳಿವಳಿಕೆಯನ್ನು ಕನ್ನಡದಲ್ಲಿ ಮುಟ್ಟಿಸುವುದು ಕನ್ನಡ ಶಾಲೆಯ ಕರ್ತವ್ಯವೆಂದು ನಾವು ಭಾವಿಸುತ್ತೇವೆ.

ಮನೆಯವರೆಲ್ಲರೂ ಕೂಡಿ ಪಾಲಿಸತಕ್ಕ ನಿಯಮಗಳು ಕೆಲವೇ. ಬಾಯಾರಿದಾಗ ನೀರು ಅಥವಾ ಮಜ್ಜಿಗೆ ಕೊಡಬೇಕು; ಬಾಟಲಿಯ ಸಿಹಿ ಪಾನೀಯವನ್ನು ಮನೆಗೇ ತರಬಾರದು. ಜೋಳದ ರೊಟ್ಟಿ, ಬೇಳೆ, ಪುಂಡಿಪಲ್ಯಗಳ ಊಟವನ್ನು ಹೊತ್ತಿಗೆ ಸರಿಯಾಗಿ ಎಲ್ಲರೂ ಒಟ್ಟಿಗೆ ಕುಳಿತು ಮಾಡಬೇಕು. ಒಗ್ಗರಣೆ ಮಂಡಕ್ಕಿಯೊಡನೆ ತಿನ್ನುವ ಬಜ್ಜಿ ಹಬ್ಬಹುಣ್ಣಿಮೆಗಿರಲಿ, ನಿತ್ಯಕ್ಕೆ ಬೇಡ. ಸಾಕು ಎಂದ ಮಗುವಿಗೆ ಒತ್ತಾಯದಿಂದ ತಿನ್ನಿಸಬಾರದು. ಹಸಿದ ಮಗುವನ್ನು ಉಪವಾಸ ಕೆಡವಲೂಬಾರದು. ಮೂರು–ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಕನಿಷ್ಠ ಮೂರು ಗಂಟೆ ಓಡಿಯಾಡಬೇಕೆಂದೂ, ಹತ್ತರಿಂದ ಹದಿಮೂರು ಗಂಟೆ ನಿದ್ರಿಸಬೇಕೆಂದೂ, ಪರದೆಯ ಮುಂದೆ ಒಂದು ಗಂಟೆಗಿಂತ ಹೆಚ್ಚು ಕೂರಬಾರದೆಂದೂ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸೂಚಿಸಿದೆ. ಊಟದ ಹೊತ್ತಿನಲ್ಲಿ ಮೊಬೈಲನ್ನು ಹಿರಿಯರೂ ಬದಿಗಿಡಬೇಕು. ಕುಂಟೆಬಿಲ್ಲೆ, ಲಗೋರಿಗಳಿಗೆ ಹಣ ಬೇಕಿಲ್ಲ. ಸಂಜೆ ಶಾಲೆಯ ಅಂಗಳದ ಬಾಗಿಲು ತೆರೆದಿದ್ದರೆ ಸಾಕು.

ಬೆಳೆಯುವ ಮಗುವಿನ ತೂಕವನ್ನು ಅವಸರದಿಂದ ಇಳಿಸುವುದು ನಮ್ಮ ಗುರಿಯಲ್ಲ. ಅನೇಕ ಮಕ್ಕಳಲ್ಲಿ ತೂಕದ ಏರಿಕೆಯನ್ನು ತಡೆದರೆ ಎತ್ತರ ಬೆಳೆದಂತೆ ದೇಹವು ತಾನೇ ಹದಕ್ಕೆ ಬರುತ್ತದೆ. ಶಾಲೆಯಲ್ಲಿ ತಿಂಗಳಿಗೊಮ್ಮೆ ಎಲ್ಲ ಮಕ್ಕಳನ್ನೂ ಅಳೆಯೋಣ. ಆದರೆ ಅಂಕಿಯನ್ನು ತರಗತಿಯಲ್ಲಿ ಓದಿ ಹೇಳದೆ ಪೋಷಕರಿಗೆ ಮಾತ್ರ ತಿಳಿಸೋಣ. ಬಡಕಲು ಮಗುವೂ ಸ್ಥೂಲ ಮಗುವೂ ಒಂದೇ ಪಂಕ್ತಿಯಲ್ಲಿ ಕುಳಿತು, ಒಂದೇ ಬಗೆಯ ಒಳ್ಳೆಯ ಅನ್ನವನ್ನು ಉಣ್ಣುವಂತಾಗಲಿ. ಈ ಕಾರ್ಯಕ್ಕೆ ತಮ್ಮೆಲ್ಲರ ಸಹಕಾರವನ್ನು ಬೇಡಿ, ನಮ್ಮ ಮಾತನ್ನು ಮುಗಿಸುತ್ತೇವೆ.